ದುಡ್ಡು ಓಡಿತು, ಕೋಲ್ ಓಡಲಿಲ್ಲ

ಫ್ರೀಮಾಂಟ್‌ನ ಓದುಗ ಮಿತ್ರರಿಗೆ ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಪುಟ ಇದೆ. ಅಷ್ಟನ್ನೂ ಹಾಕೋಕೆ ಜಾಗ ಇಲ್ಲ. ಬೇರೆ ಓದುಗರಿಗೆ ಗೊತ್ತಾಗಲಿ ಅಂತ ಅದರ ತಿರುಳು ಹೇಳಿಬಿಡುತ್ತೇನೆ. ಹಾಸನ ಬಿಟ್ಟು ಕ್ಯಾಲಿಫೋರ್ನಿಯಾ ಸೇರಿ ಇಪ್ಪತ್ತು ವರ್ಷ ದಾಟಿದ ನೀವು, ಮಗನ ದೆಸೆಯಿಂದ ಬೇಸ್‌ಬಾಲ್ ಹುಚ್ಚು ಹತ್ತಿಸಿಕೊಂಡು ಓಕ್ಲೆಂಡ್ ಅಥ್ಲೆಟಿಕ್ಸ್ ತಂಡದ ಭಕ್ತರಾದಿರಿ. ಈ 2024ರ ಸೀಸನ್ ಮುಗಿಯುವ ಹೊತ್ತಿಗೆ ಆ ತಂಡ ಊರನ್ನೇ ಬಿಟ್ಟಿತು. ಅತ್ತ 70 ಕೋಟಿ ಡಾಲರ್ ಒಪ್ಪಂದ ಮಾಡಿ ಶೋಹೆ ಓತಾನಿಯನ್ನು ತಂದ ಲಾಸ್ ಏಂಜಲೀಸ್ ಡಾಜರ್ಸ್ ಕಪ್ ಹೊಡೆಯಿತು. ಫೀಲ್ಡಿಂಗೇ ಮಾಡದ ಓತಾನಿಗೆ ಎಂವಿಪಿ, ಅಂದರೆ ವರ್ಷದ ಅತ್ಯಮೂಲ್ಯ ಆಟಗಾರನ ಪ್ರಶಸ್ತಿ ಬೇರೆ ಕೊಟ್ಟರು. "ಇಲ್ಲೂ ದುಡ್ಡೇ ದೊಡ್ಡಪ್ಪ. ಇನ್ಮೇಲೆ ನಾನು ಈ ಆಟ ನೋಡಲ್ಲ. ನೀವೇನಂತೀರಿ?" ಅಂತ ಕೇಳಿದ್ದೀರಿ.

ಅರ್ಧ ಒಪ್ತೀನಿ. ಯಾವ ಅರ್ಧ ಅಂತ ಹೇಳೋಕೆ ಸ್ವಲ್ಪ ಸುತ್ತಿ ಬರಬೇಕು.

ಬೇಸ್‌ಬಾಲ್‌ನ ಫೈನಲ್ ಸರಣಿ ವರ್ಲ್ಡ್ ಸೀರೀಸ್, ಏಳರಲ್ಲಿ ನಾಲ್ಕು ಗೆದ್ದವರಿಗೆ ಕಪ್. ಅದರ ಐದನೇ ಪಂದ್ಯ ನಿಮಗೆ ಅಕ್ಟೋಬರ್ 30ರ ಸಂಜೆ. ನಮಗೆ ಇಲ್ಲಿ 31ರ ಬೆಳಿಗ್ಗೆ. ನರಕ ಚತುರ್ದಶಿ. ಅಮ್ಮ ತಲೆಗೆ ಹರಳೆಣ್ಣೆ ತಟ್ಟಿ ಕೂರಿಸಿದ್ದರು. ಹಂಡೆ ನೀರು ಕಾಯುತ್ತಿತ್ತು. ನಾನು ಅಡುಗೆಮನೆ ಕಟ್ಟೆ ಮೇಲೆ ಸಕ್ಕರೆ ಡಬ್ಬಿಗೆ ಮೊಬೈಲ್ ಒರಗಿಸಿ, ಎಣ್ಣೆ ಕೈ ತಾಗದ ಹಾಗೆ ದೂರ ನಿಂತು ಆಟ ನೋಡ್ತಿದ್ದೆ. ನ್ಯೂಯಾರ್ಕ್ ಯಾಂಕೀಸ್ 5–0 ಮುಂದೆ. ಅವರ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಗೆರಿಟ್ ಕೋಲ್ ನಾಲ್ಕು ಇನಿಂಗ್ಸ್‌ನಲ್ಲಿ ಒಂದೇ ಒಂದು ಹಿಟ್, ಅಂದರೆ ಬ್ಯಾಟರ್ ಬೇಸ್ ಸೇರುವಂಥ ಹೊಡೆತ, ಕೊಟ್ಟಿರಲಿಲ್ಲ. ಡಾಜರ್ಸ್ ಸರಣಿಯಲ್ಲಿ 3–1 ಮುಂದಿದ್ದರೂ ಇವತ್ತು ಇವರದೇ, ಆಟ ಮತ್ತೆ ಲಾಸ್ ಏಂಜಲೀಸ್‌ಗೆ ಹೋಗುತ್ತೆ ಅಂದುಕೊಂಡು ಸ್ನಾನಕ್ಕೆ ಹೊರಡೋದರಲ್ಲಿದ್ದೆ.

ಐದನೇ ಇನಿಂಗ್ಸ್ ಶುರುವಾಯಿತು. ಮೊದಲು ಒಂದು ಹಿಟ್. ಆಮೇಲೆ ಸೆಂಟರ್ ಫೀಲ್ಡ್‌ನಲ್ಲಿದ್ದ ಆರನ್ ಜಡ್ಜ್ ಕಡೆ ಒಂದು ಕ್ಯಾಚ್ ಹೋಯಿತು. ಸುಲಭದ್ದು, ನಮ್ಮ ಬೀದಿ ಹುಡುಗರೂ ಹಿಡಿಯುವಂಥದ್ದು. ಬಿಟ್ಟರು. ಮುಂದಿನ ಚೆಂಡನ್ನು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ವೋಲ್ಪಿ ಮೂರನೇ ಬೇಸ್‌ಗೆ ಎಸೆದರು, ಅದು ನೆಲಕ್ಕೆ ಬಡಿದು ಕೈ ತಪ್ಪಿತು. ರನ್ನಿಗೆ ದಾಟಬೇಕಾದ ಮೂರೂ ಬೇಸ್‌ಗಳಲ್ಲಿ ಡಾಜರ್ಸ್ ಆಟಗಾರರು ತುಂಬಿದರು, ಒಬ್ಬರೂ ಔಟಾಗಿಲ್ಲ. ಇಲ್ಲಿ ಕೋಲ್ ಅವರನ್ನು ಮೆಚ್ಚಲೇಬೇಕು. ಮುಂದಿನ ಇಬ್ಬರನ್ನು ಸ್ಟ್ರೈಕೌಟ್ ಮಾಡಿದರು, ಅಂದರೆ ಹೊಡೆಯೋಕೇ ಬಿಡದೆ ಔಟ್ ಮಾಡಿದರು, ಆ ಇಬ್ಬರಲ್ಲಿ ಎರಡನೆಯವರು ಸಾಕ್ಷಾತ್ ಓತಾನಿ. ಮೂರು ಔಟಿಗೆ ಇನಿಂಗ್ಸ್ ಮುಗಿಯುತ್ತೆ, ಇನ್ನೊಂದು ಔಟ್ ಸಿಕ್ಕಿದ್ದರೆ ಕಥೆ ಮುಗೀತಿತ್ತು.

ಮೂಕಿ ಬೆಟ್ಸ್ ಹೊಡೆದ ಚೆಂಡು ಜೋರಾಗೇನೂ ಬರಲಿಲ್ಲ. ಗಿರಗಿರ ತಿರುಗುತ್ತ ಫಸ್ಟ್ ಬೇಸ್ ಕಡೆ ಉರುಳಿತು. ಅಲ್ಲಿದ್ದ ರಿಜೊ ಅದನ್ನು ಹಿಡಿಯಲು ಬೇಸ್ ಬಿಟ್ಟು ಕಾಯಬೇಕಾಯಿತು. ಇಂಥ ಹೊತ್ತಲ್ಲಿ ಪಿಚರ್ ಏನು ಮಾಡಬೇಕು? ಖಾಲಿ ಬೇಸ್‌ಗೆ ಓಡಬೇಕು. ಕ್ರಿಕೆಟ್‌ನಲ್ಲಿ ಚೆಂಡು ಹಾಕಿದ ಬೌಲರ್, ಥ್ರೋ ಬರುತ್ತೆ ಅಂತ ಸ್ಟಂಪ್ಸ್ ಹಿಂದೆ ಓಡಿ ನಿಲ್ತಾನಲ್ಲ, ಅಷ್ಟೇ. ಅಲ್ಲಿ ಹತ್ತು ವರ್ಷದ ಮಕ್ಕಳಿಗೆ ಮೊದಲು ಕಲಿಸೋದೇ ಇದು. ನಿಮ್ಮ ಮಗನಿಗೂ ಕಲಿಸಿರ್ತಾರೆ. ಕೋಲ್ ನಾಲ್ಕು ಹೆಜ್ಜೆ ಇಟ್ಟರು. ನಿಂತರು. ನೀನೇ ಹೋಗು ಅನ್ನೋ ಹಾಗೆ ರಿಜೊ ಅವರಿಗೆ ಕೈ ತೋರಿಸಿದರು. ರಿಜೊ ತಲುಪುವಷ್ಟರಲ್ಲಿ ಬೆಟ್ಸ್ ಬೇಸ್ ದಾಟಿ ಆಗಿತ್ತು. ಒಂದು ರನ್. ಆಮೇಲೆ ಫ್ರೆಡಿ ಫ್ರೀಮನ್ ಎರಡು ರನ್ ತಂದರು, ಟೆಯೋಸ್ಕರ್ ಹೆರ್ನಾಂಡೆಜ್ ಇನ್ನೆರಡು. 5–5.

"ಏನೋ ಅದು, ಎಣ್ಣೆ ಕಣ್ಣಿಗೆ ಇಳೀತಾ?" ಅಂತ ಅಮ್ಮ ಒಳಗಿಂದ ಕೇಳಿದರು. ನಾನು ಅಷ್ಟು ಜೋರಾಗಿ ಕೂಗಿದ್ದೆ.

ಯಾಂಕೀಸ್ ಮತ್ತೆ 6–5 ಮುಂದೆ ಹೋದರೂ ಉಳಿಸಿಕೊಳ್ಳಲಿಲ್ಲ. ಡಾಜರ್ಸ್ 7–6 ಗೆದ್ದು, 4–1ರಲ್ಲಿ ಸರಣಿ ಮುಗಿಸಿತು. ತಮಾಷೆ ಏನು ಗೊತ್ತಾ? ಸ್ಕೋರ್ ಪುಸ್ತಕ ತೆಗೆದು ನೋಡಿದರೆ ಜಡ್ಜ್ ಹೆಸರಲ್ಲಿ ತಪ್ಪಿದೆ, ವೋಲ್ಪಿ ಹೆಸರಲ್ಲಿ ತಪ್ಪಿದೆ. ಕೋಲ್ ಹೆಸರಲ್ಲಿ ಏನೂ ಇಲ್ಲ. ಬೆಟ್ಸ್ ಹೊಡೆದದ್ದು ಹಿಟ್ ಅಂತಲೇ ದಾಖಲಾಗಿದೆ. ಮೊದಲಿನ ಎರಡು ತಪ್ಪುಗಳಿಂದಾಗಿ ಆ ಐದು ರನ್‌ಗಳೂ ಪಿಚರ್ ಲೆಕ್ಕಕ್ಕೆ ಸೇರೋದಿಲ್ಲ. ಓಡದೆ ನಿಂತದ್ದನ್ನು ಬರೆಯೋಕೆ ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಈಗ ನಿಮ್ಮ ದುಡ್ಡಿನ ಮಾತಿಗೆ ಬರ್ತೀನಿ. ಜಡ್ಜ್ ಅವರ ಒಪ್ಪಂದ ಒಂಬತ್ತು ವರ್ಷಕ್ಕೆ 36 ಕೋಟಿ ಡಾಲರ್. ಕೋಲ್ ಅವರದೂ ಒಂಬತ್ತು ವರ್ಷ, 32.4 ಕೋಟಿ ಡಾಲರ್. ಗೆದ್ದದ್ದು ದುಡ್ಡು ಅಂತೀರಲ್ಲ, ಸೋತದ್ದೂ ದುಡ್ಡೇ ಸ್ವಾಮಿ. ಇನ್ನು ಓತಾನಿ ಎರಡನೇ ಪಂದ್ಯದಲ್ಲಿ ಸೆಕೆಂಡ್ ಬೇಸ್‌ಗೆ ಜಾರುವಾಗ ಭುಜ ಜಾರಿಸಿಕೊಂಡರು. ಇಡೀ ಸೀರೀಸ್‌ನಲ್ಲಿ ಅವರ ಹಿಟ್‌ಗಳು 19ಕ್ಕೆ ಎರಡು. ಕಪ್ ತಂದುಕೊಟ್ಟವರು ಪಾದದ ಕೀಲು ಉಳುಕಿ ಕುಂಟುತ್ತಿದ್ದ ಫ್ರೀಮನ್. ಮೊದಲ ಪಂದ್ಯ ನೆನಪಿದೆಯಲ್ಲ? ಹತ್ತನೇ ಇನಿಂಗ್ಸ್, ಇಬ್ಬರು ಔಟ್, ಯಾಂಕೀಸ್ 3–2 ಮುಂದೆ. ಬೆಟ್ಸ್ ಹೊಡೆದಾರು ಅಂತ ಹೆದರಿ ಅವರನ್ನು ಬೇಕಂತಲೇ ಬೇಸ್‌ಗೆ ಕಳಿಸಿ, ಮೂರೂ ಬೇಸ್ ತುಂಬಿಸಿ, ಫ್ರೀಮನ್ ಅವರನ್ನು ಆರಿಸಿಕೊಂಡರು. ಮೊದಲ ಚೆಂಡೇ ಗ್ಯಾಲರಿಗೆ ಹೋಯಿತು. ವರ್ಲ್ಡ್ ಸೀರೀಸ್‌ನಲ್ಲಿ ಪಂದ್ಯ ಮುಗಿಸಿದ ಗ್ರ್ಯಾಂಡ್ ಸ್ಲಾಮ್, ಅಂದರೆ ಮೂರೂ ಬೇಸ್ ತುಂಬಿದಾಗಿನ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ಅದಕ್ಕೆ ಮೊದಲು ಯಾರೂ ಹೊಡೆದಿರಲಿಲ್ಲ.

ಎಂವಿಪಿ ವಿಷಯ. ನಿಮ್ಮ ಮಾತಲ್ಲಿ ಹುರುಳಿದೆ, ಇಲ್ಲ ಅನ್ನಲ್ಲ. ಇಡೀ ವರ್ಷ ಬರೀ ಬ್ಯಾಟ್ ಹಿಡಿದವರಿಗೆ ಆ ಪ್ರಶಸ್ತಿ ಹಿಂದೆ ಸಿಕ್ಕೇ ಇರಲಿಲ್ಲ. ದಿನಾ ಬಿಸಿಲಲ್ಲಿ ಶಾರ್ಟ್‌ಸ್ಟಾಪ್‌ನಲ್ಲಿ ನಿಂತ ಮೆಟ್ಸ್‌ನ ಲಿಂಡೋರ್ ಎರಡನೇ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಆದರೆ ಬ್ಯಾಟಿಂಗ್, ಪಿಚಿಂಗ್ ಎರಡೂ ಮಾಡುವ ಓತಾನಿ ಮೊಣಕೈ ಆಪರೇಷನ್ ಆಗಿ 2024ರಲ್ಲಿ ಪಿಚಿಂಗ್ ಮಾಡೋ ಹಾಗಿರಲಿಲ್ಲ. ಸುಮ್ನೆ ಬ್ಯಾಟ್ ಮಾಡ್ಕೊಂಡು ಕೂತಿರಬಹುದಿತ್ತು. ಅದರ ಬದಲು ಕಾಲಿಗೆ ಕೆಲಸ ಕೊಟ್ಟರು. 54 ಹೋಮ್ ರನ್, 59 ಕದ್ದ ಬೇಸ್ (ಯಾರೂ ಹೊಡೆಯದೆಯೇ ಓಡಿ ಸೇರಿದ ಬೇಸ್). ಒಂದೇ ಸೀಸನ್‌ನಲ್ಲಿ ಎರಡರಲ್ಲೂ ಐವತ್ತು ದಾಟಿದವರು ಅವರೊಬ್ಬರೇ. ಸೆಪ್ಟೆಂಬರ್ 19ರಂದು ಮಯಾಮಿಯಲ್ಲಿ ಆರಕ್ಕೆ ಆರು ಹಿಟ್, ಮೂರು ಹೋಮ್ ರನ್, ಹತ್ತು ರನ್ ತಂದದ್ದು, ಎರಡು ಬೇಸ್ ಕದ್ದದ್ದು. ನಿಮಗೆ ಸಮಾಧಾನ ಆಗುತ್ತೆ ಅಂದ್ರೆ ಒಂದು ಗುಟ್ಟು ಹೇಳ್ತೀನಿ: ಅವತ್ತಿನ ಮೂರನೇ ಹೋಮ್ ರನ್ ಹೊಡೆದದ್ದು ನಿಜವಾದ ಪಿಚರ್‌ಗೆ ಅಲ್ಲ. ಪಂದ್ಯ ಕೈಬಿಟ್ಟು ಹೋಗಿತ್ತು ಅಂತ ಮಯಾಮಿಯವರು ಒಬ್ಬ ಫೀಲ್ಡರ್ ಕೈಗೆ ಚೆಂಡು ಕೊಟ್ಟಿದ್ದರು, ಡ್ರಾ ಆಗೋ ಟೆಸ್ಟ್‌ನಲ್ಲಿ ಕೀಪರ್‌ಗೆ ಬೌಲಿಂಗ್ ಕೊಡ್ತಾರಲ್ಲ ಹಾಗೆ.

ಆ 70 ಕೋಟಿಯಲ್ಲೂ 68 ಕೋಟಿಯನ್ನು ಹತ್ತು ವರ್ಷ ಆದಮೇಲೆ ಕೊಡಿ ಅಂತ ಬರೆದುಕೊಟ್ಟಿದ್ದಾರೆ. ಸದ್ಯಕ್ಕೆ ಆ ಒಪ್ಪಂದದಿಂದ ಕೈಗೆ ಬರೋದು ವರ್ಷಕ್ಕೆ 20 ಲಕ್ಷ ಡಾಲರ್. ಜಾಹೀರಾತಿನ ದುಡ್ಡು ಬೇರೆ ಬರುತ್ತೆ, ಪಾಪ ಅನ್ನಬೇಕಾಗಿಲ್ಲ ಬಿಡಿ.

ಸಣ್ಣ ತಂಡಗಳಿಗೆ ಉಳಿಗಾಲ ಇಲ್ಲ ಅಂತಲೂ ಬರೆದಿದ್ದೀರಿ. ಕ್ಯಾನ್ಸಸ್ ಸಿಟಿ ರಾಯಲ್ಸ್ 2023ರಲ್ಲಿ 106 ಪಂದ್ಯ ಸೋತಿತ್ತು. 2024ರಲ್ಲಿ 86 ಗೆದ್ದು ಪ್ಲೇಆಫ್‌ಗೆ ಬಂತು. ಇನ್ನು ಶಿಕಾಗೊದಂಥ ದೊಡ್ಡ ಊರಿನ ವೈಟ್ ಸಾಕ್ಸ್ 121 ಸೋತಿತು, ನಡುವೆ ಒಂದೇ ಸಮನೆ 21. 2021ರಲ್ಲಿ ತನ್ನ ಡಿವಿಷನ್ (ಲೀಗ್‌ನೊಳಗಿನ ಗುಂಪು) ಗೆದ್ದಿದ್ದ ತಂಡ ಅದು. 1900ರಿಂದೀಚೆಗೆ ಒಂದೇ ಸೀಸನ್‌ನಲ್ಲಿ ಯಾವ ತಂಡವೂ ಅಷ್ಟು ಸೋತಿಲ್ಲ. ನೀವು ಬೇಜಾರಲ್ಲಿದ್ದೀರಿ ಸರಿ, ಆ ತಂಡದ ಅಭಿಮಾನಿಗಳನ್ನು ಒಂದು ಸಲ ನೆನೆಸಿಕೊಳ್ಳಿ.

ನಾನು ಒಪ್ಪುವ ಅರ್ಧ ಇಲ್ಲಿದೆ. ಮೈದಾನದ ಒಳಗೆ ದುಡ್ಡಿನ ಆಟ ಅಷ್ಟು ಸಲೀಸಾಗಿ ನಡೆಯಲ್ಲ. ಮೈದಾನ ಎಲ್ಲಿರಬೇಕು ಅನ್ನೋದನ್ನು ಮಾತ್ರ ದುಡ್ಡೇ ಹೇಳುತ್ತೆ. ಅಲ್ಲಿ ನಾನು ನೀವು ಯಾರೂ ಲೆಕ್ಕಕ್ಕಿಲ್ಲ. 1968ರಿಂದ ಓಕ್ಲೆಂಡ್ ಕೊಲಿಸಿಯಮ್‌ನಲ್ಲಿ ಆಡಿದ ತಂಡ, ನಾಲ್ಕು ವರ್ಲ್ಡ್ ಸೀರೀಸ್ ಗೆದ್ದ ತಂಡ. 2024ರ ಸೆಪ್ಟೆಂಬರ್ 26ರ ಕೊನೆಯ ಪಂದ್ಯಕ್ಕೆ 46,889 ಜನ ಬಂದಿದ್ದರು. ಟೆಕ್ಸಸ್ ಮೇಲೆ 3–2 ಗೆದ್ದೂ ಆಯಿತು, ಗಂಟುಮೂಟೆ ಕಟ್ಟಿದ್ದೂ ಆಯಿತು. ಮೊದಲು ಬಾಸ್ಕೆಟ್‌ಬಾಲ್‌ನ ವಾರಿಯರ್ಸ್, ಆಮೇಲೆ ಅಮೆರಿಕನ್ ಫುಟ್‌ಬಾಲ್‌ನ ರೇಡರ್ಸ್, ಈಗ ಇದು. ಐದಾರು ವರ್ಷದಲ್ಲಿ ಒಂದು ಊರಿನ ಮೂರೂ ದೊಡ್ಡ ತಂಡ ಖಾಲಿ. 2025ರಿಂದ ಸ್ಯಾಕ್ರಮೆಂಟೊದ ಚಿಕ್ಕ ಮೈದಾನದಲ್ಲಿ ಆಡ್ತಾರೆ, ಲಾಸ್ ವೇಗಸ್‌ನಲ್ಲಿ ಹೊಸದು ಕಟ್ಟೋವರೆಗೂ. ಹೆಸರಿನ ಹಿಂದೆ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್. ಬಾಡಿಗೆ ಮನೆಗೆ ನೇಮ್ ಪ್ಲೇಟ್ ಯಾಕೆ ಅನ್ನೋ ಲೆಕ್ಕ ಇರಬೇಕು. 2006ರಲ್ಲಿ ನಿಮ್ಮ ಫ್ರೀಮಾಂಟ್‌ಗೇ ಬರ್ತೀವಿ ಅಂದಿದ್ದರು, 2009ರಲ್ಲಿ ಕೈಬಿಟ್ಟರು. ಬಂದಿದ್ದರೆ ನೀವು ಊಟ ಮುಗಿಸಿ ನಡ್ಕೊಂಡೇ ಹೋಗಬಹುದಿತ್ತೇನೋ.

ಆದರೂ ಒಂದು ಮಾತು. ಈ ತಂಡ ಓಕ್ಲೆಂಡ್‌ಗೆ ಬಂದದ್ದಾದರೂ ಎಲ್ಲಿಂದ? ಹುಟ್ಟಿದ್ದು ಫಿಲಡೆಲ್ಫಿಯಾದಲ್ಲಿ. 1955ರಲ್ಲಿ ಕ್ಯಾನ್ಸಸ್ ಸಿಟಿಗೆ ಹೋಯಿತು. ಹದಿಮೂರು ಸೀಸನ್ ಆದಮೇಲೆ ಅವರನ್ನೂ ಬಿಟ್ಟು ನಿಮ್ಮ ಕಡೆ ಬಂತು. ಆಗ ಅಲ್ಲಿಯೂ ಯಾರೋ ಒಬ್ಬರು ನಿಮ್ಮ ಹಾಗೇ ನಾಲ್ಕು ಪುಟ ಬರೆದಿರ್ತಾರೆ. 1969ರಲ್ಲಿ ಅವರಿಗೆ ಹೊಸ ತಂಡ ಸಿಕ್ಕಿತು, ಅದೇ ಈ ರಾಯಲ್ಸ್. ಕಪ್ ಗೆದ್ದ ಡಾಜರ್ಸ್ ಕೂಡ ನ್ಯೂಯಾರ್ಕ್‌ನ ಬ್ರೂಕ್ಲಿನ್ ಬಿಟ್ಟು ಬಂದವರೇ. ಅಲ್ಲಿನ ಹಳಬರು 1957ರ ಸಿಟ್ಟನ್ನು ಸಾಯೋವರೆಗೂ ಇಟ್ಟುಕೊಂಡಿದ್ದರು. ಓಕ್ಲೆಂಡ್‌ಗೂ ಹೊಸ ತಂಡ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ.

ನೋಡಲ್ಲ ಅಂದಿದ್ದೀರಿ. ಮಾರ್ಚ್ ಕೊನೆಗೆ ಹೊಸ ಸೀಸನ್ ಶುರುವಾದಾಗ ಏನು ಮಾಡ್ತೀರೋ ನೋಡೋಣ. ಯಾವ ತಂಡ ಹಿಡಿಯಲಿ ಅಂತ ಮಗ ಕೇಳಿದರೆ ರಾಯಲ್ಸ್ ಅನ್ನಿ. ನಿಮ್ಮವರು ಬಿಟ್ಟುಹೋದ ಊರಿನವರು, ಒಂಥರಾ ಬೀಗರಿದ್ದ ಹಾಗೆ.

ಕೊನೆ ಪುಟದಲ್ಲಿ ಬರೆದಿದ್ದೀರಲ್ಲ, ಆ ರಾತ್ರಿ ಮಗ ಮೈದಾನದಿಂದ ಒಂದು ಹಿಡಿ ಮಣ್ಣು ತಂದ, ಖಾಲಿ ಮಾವಿನಮಿಡಿ ಉಪ್ಪಿನಕಾಯಿ ಬಾಟಲಿಗೆ ಹಾಕಿ ಟಿವಿ ಪಕ್ಕ ಇಟ್ಟಿದ್ದಾನೆ, ಮನೆಯವರು ಬಿಸಾಕಿ ಅಂತಿದ್ದಾರೆ ಅಂತ. ಬಿಸಾಕಬೇಡಿ. ಆದರೆ ಉಪ್ಪಿನಕಾಯಿ ಬಾಟಲಿ ಎಷ್ಟು ತೊಳೆದರೂ ಮುಚ್ಚಳದಲ್ಲಿ ಪಸೆ ಉಳಿದಿರುತ್ತೆ, ಮಣ್ಣೂ ಹಸಿ ಇದ್ದರೆ ಬೂಷ್ಟು ಹಿಡಿಯುತ್ತೆ. ಒಂದೆರಡು ದಿನ ಪೇಪರ್ ಮೇಲೆ ಹರಡಿ ಬಿಸಿಲಿಗಿಟ್ಟು, ಆಮೇಲೆ ಮುಚ್ಚಿಡಿ.

– ಸಂ.