ಸಿನಿಮಾ ನೋಡಿದರೆ ಹೊಸ ಇಂಗ್ಲಿಷ್ ಪದಗಳು ನಿಜವಾಗಿಯೂ ತಲೆಯಲ್ಲಿ ಉಳಿಯುತ್ತವಾ?

ಉಳಿಯುತ್ತವೆ. ಆದರೆ ಸುಮ್ನೆ ನೋಡುತ್ತಾ ಕೂತರೆ ಆಗುವುದಿಲ್ಲ. ಹೊಸ ಪದ ಕಿವಿಗೆ ಬಿದ್ದಾಗ ಅಲ್ಲೇ ನಿಲ್ಲಿಸಿ, ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಪಟ್ಟಿಯಲ್ಲಿ ಓದಿದ ಪದಕ್ಕೆ ಅರ್ಥ ಮಾತ್ರ ಇರುತ್ತದೆ. ಸಿನಿಮಾದಲ್ಲಿ ಕೇಳಿದ ಪದಕ್ಕೆ ಒಂದು ಮುಖ, ಒಂದು ದನಿ, ಒಂದು ಸನ್ನಿವೇಶ ಅಂಟಿಕೊಂಡಿರುತ್ತದೆ. ಇವುಗಳಲ್ಲಿ ಯಾವುದು ನೆನಪಾದರೂ ಪದ ಹಿಂದೆಯೇ ಬರುತ್ತದೆ.

‘ಗ್ಯಾಸ್‌ಲೈಟಿಂಗ್’ ಪದವನ್ನೇ ತಗೊಳ್ಳಿ. ಇದರ ಮೂಲ ಒಂದು ನಾಟಕ. ಅದನ್ನು ಆಧರಿಸಿ 1944ರಲ್ಲಿ ‘ಗ್ಯಾಸ್‌ಲೈಟ್’ ಸಿನಿಮಾ ಬಂತು. ಗಂಡ ಅಟ್ಟದಲ್ಲಿ ಗುಟ್ಟಾಗಿ ಒಡವೆ ಹುಡುಕಲು ದೀಪ ಹಚ್ಚುತ್ತಾನೆ. ಆಗ ಕೆಳಗೆ ಹೆಂಡತಿಯ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ. ಅವಳು ಕಣ್ಣಾರೆ ಕಂಡದ್ದೂ ಭ್ರಮೆ ಎಂದು ಅವಳೇ ನಂಬುವಂತೆ ಅವನು ಮಾಡುತ್ತಾ ಹೋಗುತ್ತಾನೆ. ಮಂಕಾಗುವ ಆ ದೀಪವನ್ನು ಒಮ್ಮೆ ನೋಡಿದವರಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಾ?

ಆದರೆ ಸಿನಿಮಾ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. 2010ರ ‘ಇನ್ಸೆಪ್ಷನ್’ ನೋಡಿದ ಎಷ್ಟೋ ಜನ ಅದರರ್ಥ ಕನಸಿನೊಳಗಿನ ಕನಸು ಅಂದುಕೊಂಡಿದ್ದಾರೆ. ನಿಘಂಟಿನಲ್ಲಿ ಅದಕ್ಕೆ ‘ಆರಂಭ’ ಎಂಬ ಅರ್ಥ. ಹಾಗಾಗಿ ಪದವನ್ನು ಬಳಸುವ ಮುಂಚೆ ನಿಘಂಟು ತೆರೆಯಲೇಬೇಕು.

ಸಬ್‌ಟೈಟಲ್ ಇಂಗ್ಲಿಷಿನಲ್ಲೇ ಇರಲಿ. ಕನ್ನಡದಲ್ಲಿದ್ದರೆ ಕಣ್ಣು ಅರ್ಥವನ್ನು ಓದಿ ಮುಗಿಸಿಬಿಡುತ್ತದೆ, ಕಿವಿ ಪದದ ಕಡೆ ಹೋಗುವುದೇ ಇಲ್ಲ. ಒಂದು ಸಿನಿಮಾಕ್ಕೆ ಐದಾರು ಪದ ಸಾಕು. ಜಾಸ್ತಿ ಬರೆದುಕೊಳ್ಳಲು ಹೋದರೆ ಕಥೆಯೇ ಕೈತಪ್ಪುತ್ತದೆ, ಅಲ್ವಾ?