ಓದುಗರ ಪ್ರಶ್ನೆ, ಸಿನಿಮಾ ಎಡಿಟರ್ ಉತ್ತರ: ದೇವರನ್ನು ನಂಬುವ ಊರಿನಲ್ಲೊಂದು ಕೊಲೆ

ಪ್ರಶ್ನೆ: ಮೇಡಂ, ನಾವು ಕೆಲವು ಗೆಳೆಯರು ಸೇರಿ ಸ್ವಂತ ದುಡ್ಡಿನಲ್ಲಿ ಒಂದು ಕೊಲೆ ರಹಸ್ಯದ ಸಿನಿಮಾ ಮಾಡಲು ಹೊರಟಿದ್ದೇವೆ. ದೇವರು, ಪ್ರಾರ್ಥನೆ ಅಂದರೆ ಪ್ರಾಣ ಬಿಡುವ ಒಂದು ಸಣ್ಣ ಊರಿನಲ್ಲಿ ಕತೆ ನಡೆಯುತ್ತದೆ. ಸ್ಕ್ರಿಪ್ಟ್ ಓದಿದವರೆಲ್ಲ ‘ಧರ್ಮದ ಗೊಡವೆ ಯಾಕೆ, ಮಾಮೂಲಿ ಊರು ಮಾಡಿಬಿಡಿ’ ಅನ್ನುತ್ತಿದ್ದಾರೆ. ಏನು ಮಾಡೋಣ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಕತೆಗೆ ಬಲ ಇರುವುದೇ ಅಲ್ಲಿ.

ಕೊಲೆ ರಹಸ್ಯ ನಿಲ್ಲುವುದು ಯಾರೋ ಬಾಯಿ ಮುಚ್ಚಿಕೊಂಡಿರುವುದರ ಮೇಲೆ. ಗೊತ್ತಿದ್ದವರು ಹೇಳಿಬಿಟ್ಟರೆ ಹತ್ತು ನಿಮಿಷಕ್ಕೆ ಸಿನಿಮಾ ಮುಗಿಯಿತು. ಹಾಗಾದರೆ ಅವರು ಯಾಕೆ ಹೇಳುವುದಿಲ್ಲ? ಬೇರೆ ಕಡೆಯ ಕತೆಗಳಲ್ಲಿ ಭಯ, ದುಡ್ಡು, ಹಳೇ ದ್ವೇಷ ಅಂತ ಅದೇ ಕಾರಣಗಳು. ನಂಬಿಕೆಯ ಊರಿನಲ್ಲಿ ಒಳ್ಳೆಯ ಮನುಷ್ಯರೇ ಸುಮ್ಮನಿರುತ್ತಾರೆ. ಒಬ್ಬರು ಆಣೆ ಮಾಡಿರುತ್ತಾರೆ. ಇನ್ನೊಬ್ಬರು ವ್ರತದಲ್ಲಿರುತ್ತಾರೆ. ಮತ್ತೊಬ್ಬರಿಗೆ ಗುರುಗಳ ಹೆಸರು ಕೆಡುತ್ತದೆ ಅನ್ನುವ ಸಂಕಟ. ಇವರಲ್ಲಿ ಯಾರೂ ಕೆಟ್ಟವರಲ್ಲ. ಅದಕ್ಕೇ ನೋಡುವವರಿಗೆ ಕಷ್ಟವಾಗುತ್ತದೆ. ಆ ಕಷ್ಟವೇ ನಿಮ್ಮ ಸಿನಿಮಾ.

ಆದರೆ ಇಲ್ಲೊಂದು ಅಪಾಯ ಇದೆ. ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ 1953ರಲ್ಲಿ ‘ಐ ಕನ್‌ಫೆಸ್’ ಮಾಡಿದರು. ಕತೆ ಕೆನಡಾದ ಕ್ವಿಬೆಕ್ ಸಿಟಿಯಲ್ಲಿ ನಡೆಯುತ್ತದೆ. ಕೊಲೆ ಮಾಡಿದವನು ಪಾದ್ರಿಯ ಹತ್ತಿರ ಬಂದು ಪಾಪ ನಿವೇದನೆ ಮಾಡಿಕೊಳ್ಳುತ್ತಾನೆ. ಕ್ಯಾಥೊಲಿಕ್ ನಿಯಮದ ಪ್ರಕಾರ ಅಲ್ಲಿ ಕೇಳಿದ್ದನ್ನು ಪಾದ್ರಿ ಎಲ್ಲೂ ಬಾಯಿ ಬಿಡುವಂತಿಲ್ಲ. ಕೊಲೆಯ ಆರೋಪ ತನ್ನ ತಲೆಗೇ ಬಂದರೂ ಸರಿ. ಎಂಥಾ ಕತೆ ಅಲ್ವಾ! ಆದರೂ ಮುಂದೆ ಫ್ರಾನ್ಸಿನ ನಿರ್ದೇಶಕ ಟ್ರುಫೋ ಜತೆ ಮಾತಾಡುವಾಗ ಹಿಚ್‌ಕಾಕ್ ಒಂದು ಮಾತು ಹೇಳಿದರು. ಕ್ಯಾಥೊಲಿಕರಿಗೆ ಆ ಮೌನ ಅರ್ಥವಾಯಿತು. ಉಳಿದವರಿಗೆ, ಜೀವಕ್ಕೆ ಕುತ್ತು ಬಂದರೂ ಒಬ್ಬ ಮನುಷ್ಯ ಹೀಗೆ ಸುಮ್ಮನಿರುತ್ತಾನೆ ಅನ್ನುವುದನ್ನು ನಂಬಲಿಕ್ಕೇ ಆಗಲಿಲ್ಲ.

ನಿಮಗೂ ಇದೇ ಆಗಬಹುದು. ನಿಮ್ಮ ಊರಿನ ನಿಯಮ ನಿಮಗೆ ಗೊತ್ತು, ನೋಡುವವರಿಗೆ ಗೊತ್ತಿಲ್ಲ. ಅದನ್ನು ಮಾತಿನಲ್ಲಿ ವಿವರಿಸಲು ಹೋಗಬೇಡಿ. ಕೊಲೆ ಆಗುವ ಮೊದಲೇ ಸಣ್ಣದೊಂದು ವಿಷಯದಲ್ಲಿ ತೋರಿಸಿಬಿಡಿ. ಸಾಕ್ಷಿಯಾಗಬೇಕಾದ ಹೆಂಗಸು ಮೌನವ್ರತದಲ್ಲಿದ್ದಾಳೆ ಅಂತಿಟ್ಟುಕೊಳ್ಳಿ. ಮೊದಲ ಹತ್ತು ನಿಮಿಷದೊಳಗೆ ಅವಳ ಮಗು ಮೆಟ್ಟಿಲ ಮೇಲಿಂದ ಬೀಳಲಿ. ಅವಳು ಓಡುತ್ತಾಳೆ, ಎತ್ತಿಕೊಳ್ಳುತ್ತಾಳೆ, ಮಂಡಿಯ ರಕ್ತ ಸೆರಗಿನಿಂದ ಒರೆಸುತ್ತಾಳೆ, ಕಣ್ಣಲ್ಲಿ ನೀರು. ಬಾಯಿಂದ ಮಾತ್ರ ಒಂದು ಸದ್ದೂ ಇಲ್ಲ. ಈ ಶಾಟನ್ನು ಬೇಗ ಕಟ್ ಮಾಡದೆ ಹಾಗೇ ಬಿಡಿ. ಮುಂದೆ ಪೊಲೀಸರ ಎದುರು ಅವಳು ಬಾಯಿ ಬಿಡದಿದ್ದಾಗ ‘ಯಾಕೆ’ ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು. ಪ್ರಾರ್ಥನೆ ಮಾಡುವವರ ಮುಖ ತೋರಿಸಿ ಹಿಂದೆ ಹೆದರಿಸುವ ಸಂಗೀತ ಹಾಕುವುದನ್ನು ತುಂಬಾ ಸಲ ನೋಡಿದ್ದೇನೆ. ನನ್ನ ಟೇಬಲ್‌ಗೆ ಅಂಥ ಸೀನ್ ಬಂದರೆ ನಾನು ಮೊದಲು ತೆಗೆಯುವುದೇ ಆ ಸಂಗೀತವನ್ನು. ಆ ಜನಕ್ಕೆ ಅದು ದಿನದ ಕೆಲಸ, ನೆಮ್ಮದಿಯ ಹೊತ್ತು. ಅದನ್ನು ಹಾಗೇ ತೋರಿಸಿ. ನಂಬಿಕೆಗೆ ಮರ್ಯಾದೆ ಕೊಟ್ಟರೆ ಮಾತ್ರ ಅದರ ನಡುವೆ ಆದ ಕೊಲೆ ಎದೆಗೆ ತಾಗುತ್ತದೆ.

ಪ್ರಶ್ನೆ: ಕೊನೆಯಲ್ಲಿ ಧರ್ಮಗುರುವೇ ಕೊಲೆಗಾರ ಅಂತ ತೋರಿಸಿದರೆ ಹೇಗೆ?

ಉತ್ತರ: ಇಂಥ ಸಿನಿಮಾದಲ್ಲಿ ಎಲ್ಲರೂ ಮೊದಲು ಅನುಮಾನಪಡುವುದು ಅವರನ್ನೇ. ಅದರಲ್ಲಿ ಅಚ್ಚರಿ ಎಲ್ಲಿ ಬಂತು? ರೊನಾಲ್ಡ್ ನಾಕ್ಸ್ ಅಂತ ಒಬ್ಬರು ಇಂಗ್ಲೆಂಡಿನಲ್ಲಿದ್ದರು. ಸ್ವತಃ ಕ್ಯಾಥೊಲಿಕ್ ಪಾದ್ರಿ, ಪತ್ತೇದಾರಿ ಕತೆಗಳನ್ನೂ ಬರೆದವರು. ಪತ್ತೇದಾರಿ ಕತೆಗೆ ಹತ್ತು ನಿಯಮಗಳನ್ನು ಅವರು 1929ರಲ್ಲಿ ಬರೆದರು. ಮೊದಲನೆಯದೇ ಇದು: ಅಪರಾಧಿ ಕತೆಯ ಶುರುವಿನಲ್ಲೇ ಬಂದಿರಬೇಕು, ಆದರೆ ಅವನ ಮನಸ್ಸಿನೊಳಗೆ ನಮ್ಮನ್ನು ಕರೆದುಕೊಂಡು ಹೋಗಿರಬಾರದು. ನಿಮ್ಮ ಗುರುಗಳ ಪೂಜೆ, ಪ್ರಾರ್ಥನೆ, ಒಂಟಿತನ ಎಲ್ಲವನ್ನೂ ನೀವು ಒಳಗಿನಿಂದ ತೋರಿಸಬೇಕು ಅಂತಿದ್ದರೆ ಅವರನ್ನು ಕೊಲೆಗಾರ ಮಾಡಲು ಆಗುವುದಿಲ್ಲ. ಮಾಡಿದರೆ ನೋಡುವವರಿಗೆ ಮೋಸ.

ಪ್ರಶ್ನೆ: ಅರ್ಧ ಸಿನಿಮಾಕ್ಕೇ ಕೊಲೆಗಾರ ಯಾರು ಅಂತ ಗೊತ್ತಾಗಿಬಿಡುತ್ತದೆ ಅಂತ ನಾವು ಪ್ರಯೋಗಕ್ಕೆಂದು ಚಿತ್ರೀಕರಿಸಿ ಜೋಡಿಸಿದ ಮೊದಲ ಕಟ್ ನೋಡಿದವರು ಹೇಳಿದರು. ಸುಳಿವುಗಳನ್ನು ತೆಗೆದುಬಿಡಲೇ?

ಉತ್ತರ: ತೆಗೆಯಬೇಡಿ. ಸುಳಿವೇ ಇಲ್ಲದೆ ಕೊನೆಯಲ್ಲಿ ಒಬ್ಬರನ್ನು ಎಳೆದು ತಂದರೆ ಜನ ಒಪ್ಪುವುದಿಲ್ಲ. ಅದನ್ನು ಎಲ್ಲಿ ಇಡುತ್ತೀರಿ ಅನ್ನುವುದರಲ್ಲಿದೆ ಕೆಲಸ.

ನಾನು ಮೊದಲು ನೋಡುವುದು ಕ್ಲೋಸಪ್‌ಗಳನ್ನು. ಟೇಬಲ್ ಮೇಲಿರುವ ಕೀಲಿಕೈಗೆ ಪ್ರತ್ಯೇಕವಾಗಿ ಒಂದು ಕ್ಲೋಸಪ್ ಕೊಟ್ಟರೆ ‘ಇಲ್ಲಿ ನೋಡಿ’ ಅಂತ ಕೂಗಿ ಹೇಳಿದ ಹಾಗೆ. ಅದೇ ಕೀಲಿಕೈ ದೊಡ್ಡ ಶಾಟ್ ಒಂದರ ಮೂಲೆಯಲ್ಲಿರಲಿ. ಮುಂದೆ ಇಬ್ಬರು ಜೋರಾಗಿ ಜಗಳ ಆಡುತ್ತಿರಲಿ. ಕಣ್ಣು ಮುಖಗಳ ಕಡೆ ಹೋಗುತ್ತದೆ, ಕೀಲಿಕೈ ಕಂಡರೂ ನೆನಪಿನ ತಳಕ್ಕೆ ಇಳಿಯುತ್ತದೆ. ಮಾತಿನ ಸುಳಿವಿಗೂ ಹೀಗೇ. ನಾಲ್ಕು ವಿಷಯ ಹೇಳುವಾಗ ಅದು ಎರಡನೆಯದೋ ಮೂರನೆಯದೋ ಆಗಿರಲಿ. ಹೇಳಿ ಮುಗಿಸಿದ ತಕ್ಷಣ ಯಾರಾದರೂ ಅಳುತ್ತಾ ಒಳಗೆ ಬರಲಿ.

ರಿಯಾಕ್ಷನ್ ಶಾಟ್ ಅಂತೂ ತುಂಬಾ ಹುಷಾರಾಗಿ ನೋಡಬೇಕು. ಸಾವಿನ ಸುದ್ದಿ ಬಂದಾಗ ನಾಲ್ಕು ಜನರ ಮುಖ ತೋರಿಸುತ್ತೀರಿ. ಮೂವರಿಗೆ ಒಂದೊಂದು ಸೆಕೆಂಡು, ನಾಲ್ಕನೆಯವನಿಗೆ ಮೂರು ಸೆಕೆಂಡು. ಕತೆ ಅಲ್ಲೇ ಮುಗಿಯಿತು! ಎಲ್ಲರಿಗೂ ಒಂದೇ ಅಳತೆ ಇಡಿ. ಇಲ್ಲವೇ ಅವನನ್ನು ಬೇರೊಬ್ಬರ ಶಾಟ್‌ನಲ್ಲೇ ಹಿಂದೆ ನಿಲ್ಲಿಸಿ.

ಸುಳಿವನ್ನು ಕಿವಿಗೂ ಕೊಡಬಹುದು. ನಿಮ್ಮ ಊರಿನಲ್ಲಿ ಸಂಜೆ ಪ್ರಾರ್ಥನೆಗೆ ಗಂಟೆ ಹೊಡೆಯುತ್ತದೆ ಅಲ್ವಾ? ಆ ಹೊತ್ತಿಗೆ ದೂರದ ತೋಟದಲ್ಲಿದ್ದೆ ಅನ್ನುವವನು ಅದೇ ಸಂಜೆ ಅಕ್ಕನಿಗೆ ಫೋನ್ ಮಾಡಿರಲಿ. ಅವನ ಮಾತಿನ ಅಡಿಯಲ್ಲಿ ಗಂಟೆಯ ಸದ್ದು ಹತ್ತಿರದಿಂದ ಕೇಳಲಿ. ಆ ಸದ್ದು ಸಿನಿಮಾದಲ್ಲಿ ಅದಕ್ಕೆ ಮೊದಲು ಅಲ್ಲಲ್ಲಿ ಕೇಳಿ ಕೇಳಿ ಕಿವಿಗೆ ಒಗ್ಗಿರುತ್ತದೆ. ಹಾಗಾಗಿ ಯಾರೂ ಗಮನಿಸುವುದಿಲ್ಲ. ಕೊನೆಯಲ್ಲಿ ಆ ಫೋನ್ ಮಾತನ್ನು ಮತ್ತೆ ಕೇಳಿಸಿ ನೋಡಿ.

ನಿಮ್ಮಂಥ ಸಣ್ಣ ಸಿನಿಮಾಕ್ಕೆ ಇನ್ನೊಂದು ಅನುಕೂಲ ಇದೆ. ದೊಡ್ಡ ಸಿನಿಮಾದಲ್ಲಿ ಹೆಸರಾಂತ ನಟ ಸಣ್ಣ ಪಾತ್ರದಲ್ಲಿ ಕಂಡರೆ ‘ಇವನೇ ಇರಬೇಕು, ಇಲ್ಲದಿದ್ದರೆ ಇಷ್ಟಕ್ಕೇ ಬರ್ತಾನಾ’ ಅಂತ ಜನ ಲೆಕ್ಕ ಹಾಕಿಬಿಡುತ್ತಾರೆ. ನಿಮ್ಮಲ್ಲಿ ಎಲ್ಲರೂ ಹೊಸ ಮುಖ. ದಯವಿಟ್ಟು ಕೊನೆ ಗಳಿಗೆಯಲ್ಲಿ ಒಬ್ಬ ಸ್ಟಾರ್ ಸಿಕ್ಕಿದರು ಅಂತ ಇದನ್ನು ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಡಾಕ್ಟರ್ ಹೆಣ ನೋಡಿ ‘ರಾತ್ರಿ 9.10ಕ್ಕೆ ಸತ್ತಿದ್ದಾನೆ’ ಅನ್ನುವ ಡೈಲಾಗ್ ಇದೆ. ಸರಿಯಾ?

ಉತ್ತರ: ಸರಿಯಲ್ಲ. ಯಾವ ಡಾಕ್ಟರೂ ನಿಮಿಷ ಹೇಳುವುದಿಲ್ಲ, ‘ಇಷ್ಟರಿಂದ ಇಷ್ಟು ಗಂಟೆಯೊಳಗೆ’ ಅನ್ನುತ್ತಾರೆ. ದೇಹ ಸೆಟೆದುಕೊಳ್ಳುವುದು ಸತ್ತು ಎರಡು ಮೂರು ಗಂಟೆಗೆ ರೆಪ್ಪೆ, ದವಡೆಯಲ್ಲಿ ಗೊತ್ತಾಗುತ್ತದೆ. ಹೆಚ್ಚುಕಡಿಮೆ 12 ಗಂಟೆಗೆ ಮೈಯೆಲ್ಲ ಬಿಗಿಯುತ್ತದೆ, ಆಮೇಲೆ ನಿಧಾನಕ್ಕೆ ಸಡಿಲವಾಗುತ್ತದೆ. ಸೆಖೆ ಇದ್ದರೆ ಎಲ್ಲವೂ ಬೇಗ, ಚಳಿಗೆ ನಿಧಾನ.

ನಿಮ್ಮ ಕತೆಗೆ ಇದಕ್ಕಿಂತ ಒಳ್ಳೆಯದೊಂದು ಇದೆ. ಹೃದಯ ನಿಂತ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು ಚರ್ಮದ ಮೇಲೆ ನೇರಳೆ ಕಲೆ ಮೂಡುತ್ತದೆ. ಸುಮಾರು 8ರಿಂದ 12 ಗಂಟೆಯಲ್ಲಿ ಅದು ಗಟ್ಟಿಯಾಗುತ್ತದೆ. ಆಮೇಲೆ ಹೆಣವನ್ನು ತಿರುಗಿಸಿದರೂ ಕಲೆ ಜಾಗ ಬದಲಿಸುವುದಿಲ್ಲ. ಹೆಣ ಮಕಾಡೆ ಬಿದ್ದಿದೆ, ಕಲೆ ಬೆನ್ನ ಮೇಲಿದೆ. ಅಂದರೆ ಸತ್ತ ಮೇಲೆ ಗಂಟೆಗಟ್ಟಲೆ ಅಂಗಾತ ಮಲಗಿದ್ದ, ಆಮೇಲೆ ಯಾರೋ ಸಾಗಿಸಿದ್ದಾರೆ. ಸಾಗಿಸಿದವನೇ ಕೊಲೆಗಾರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ನಿಮ್ಮ ಊರಿನಲ್ಲಿ ಸಾಗಿಸಿದವನು ಪ್ರಾರ್ಥನಾ ಮಂದಿರ ಗುಡಿಸುವ ಮುದುಕ ಯಾಕಾಗಬಾರದು? ಅವನಿಗೆ ಕೊಲೆ ಮುಚ್ಚಿಹಾಕುವ ಉದ್ದೇಶವೇ ಇಲ್ಲ. ಬೆಳಿಗ್ಗೆ ಜನ ಬರುವಷ್ಟರಲ್ಲಿ ದೇವರ ಮನೆ ಸ್ವಚ್ಛವಾಗಿರಬೇಕು, ಅಷ್ಟೇ.

ಪ್ರಶ್ನೆ: ದುಡ್ಡು ಕಡಿಮೆ ಇದೆ. ಒಳ್ಳೆ ಕ್ಯಾಮೆರಾ ಬಾಡಿಗೆಗೆ ತರೋದಾ, ಸೌಂಡಿಗೆ ಖರ್ಚು ಮಾಡೋದಾ?

ಉತ್ತರ: ಸೌಂಡಿಗೆ. ಚಿತ್ರ ಸ್ವಲ್ಪ ಮಬ್ಬಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ನೆ ನಿಲ್ಲಿಸಿ ಒಂದು ನಿಮಿಷ ಆ ಜಾಗದ ಬರೀ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಕಟ್‌ಗಳ ನಡುವಿನ ಸಂದು ತುಂಬಲು ನಮಗೆ ಅದು ಬೇಕೇ ಬೇಕು.

ದುಡ್ಡು ಸಾಲದಿದ್ದರೆ ಅಮೆರಿಕದ ನಿರ್ದೇಶಕರಾದ ಕೋಯೆನ್ ಸಹೋದರರ ದಾರಿ ನೋಡಿ. 1984ರ ‘ಬ್ಲಡ್ ಸಿಂಪಲ್’ ಅವರ ಮೊದಲ ಸಿನಿಮಾ. ಅವರು ಮೊದಲು ತೆಗೆದದ್ದು ಟ್ರೇಲರನ್ನು. ಅದನ್ನು ಹೊತ್ತುಕೊಂಡು ಹೋಗಿ ಒಬ್ಬೊಬ್ಬರಿಗೇ ತೋರಿಸಿ ಬಂಡವಾಳ ಕೂಡಿಸಿದರು. ನಿಮ್ಮ ಹತ್ತಿರ ಈಗಾಗಲೇ ಒಂದು ಕಟ್ ಇದೆ. ಅದರಿಂದ ಎರಡು ನಿಮಿಷ ಆರಿಸಿ ಕಳಿಸಿ, ನಾನು ಕೂತು ನೋಡುತ್ತೇನೆ. ಕೊಲೆಗಾರ ಯಾರು ಅಂತ ಮಾತ್ರ ಪತ್ರದಲ್ಲಿ ಬರೆಯಬೇಡಿ.