ಬೀಟ್‌ರೂಟ್ ಕುಕೀಸ್ ಕಂದಾಗೋದು ಯಾಕೆ?

ಹೋಳಿ ಹುಣ್ಣಿಮೆ ಹತ್ತಿರ ಬಂತು ಅಂದರೆ ಸಾಕು, ನನಗೆ ಅದೇ ಪ್ರಶ್ನೆಗಳು ಶುರು. ಬೆಳಗಾವಿಯ ಟಿಳಕವಾಡಿಯಲ್ಲಿ ಬೇಕಿಂಗ್ ಕಲಿಸಲು ಶುರು ಮಾಡಿ ಹದಿನಾರು ವರ್ಷ ಆಯಿತು. ಹದಿನಾರು ವರ್ಷವೂ ಫಾಲ್ಗುಣದಲ್ಲಿ ಇದೇ ಕೇಳಿದ್ದಾರೆ. ಈ ಸಲ ಬರೆದೇ ಬಿಡುತ್ತೇನೆ. ಬೆಣ್ಣೆ-ಸಕ್ಕರೆ ನೊರೆ ಮಾಡೋದು, ಒವನ್ ಮೊದಲೇ ಕಾಯಿಸೋದು ಎಲ್ಲ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಗೊತ್ತಿಲ್ಲದವರು ಮೊದಲು ಬಣ್ಣ ಇಲ್ಲದ ಕುಕೀಸ್ ಮಾಡಿ ಕೈ ಪಳಗಿಸಿಕೊಳ್ಳಿ.

ಪ್ರಶ್ನೆ: ಮಕ್ಕಳಿಗೆ ಅಂತ ಬೀಟ್‌ರೂಟ್ ರಸ ಹಾಕಿ ಗುಲಾಬಿ ಕುಕೀಸ್ ಮಾಡಿದೆ. ಹಿಟ್ಟು ಕಲಸಿದಾಗ ಬಣ್ಣ ಚೆಂದ ಇತ್ತು. ಒವನ್‌ನಿಂದ ತೆಗೆದಾಗ ಮಣ್ಣಿನ ಬಣ್ಣ. ಮೂರು ಸಲ ರಸ ಜಾಸ್ತಿ ಮಾಡಿ ನೋಡಿದೆ. ಇನ್ನೆಷ್ಟು ಹಾಕಬೇಕು? (ಬಾಗಲಕೋಟೆ)

ಇನ್ನು ಹಾಕಬೇಡಿ. ನಿಮ್ಮ ತೊಂದರೆ ರಸದ ಅಳತೆಯಲ್ಲಿ ಇಲ್ಲ. ಬಣ್ಣ ಕಡಿಮೆ ಆಯಿತು ಅಂತ ಎಲ್ಲರೂ ಮೊದಲು ಮಾಡುವುದೇ ಇದು. ರಸ ಜಾಸ್ತಿ ಆದರೆ ಹಿಟ್ಟಿಗೆ ನೀರು ಜಾಸ್ತಿ, ನೀರು ಜಾಸ್ತಿ ಆದರೆ ಕುಕೀಸ್ ಗರಿಗರಿ ಆಗೋದಿಲ್ಲ. ಮೇಲೆ ಮಣ್ಣಿನ ವಾಸನೆ ಬೇರೆ. ಬಣ್ಣ ಅಂತೂ ಉಳಿಯೋದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಬೀಟ್‌ರೂಟಿನ ಕೆಂಪಿಗೆ ಕಾರಣ ಬೆಟಾನಿನ್ ಅನ್ನುವ ಬಣ್ಣದ ಅಂಶ. ಅದಕ್ಕೆ ಬಿಸಿ ತಡೆಯೋದಿಲ್ಲ. ಕಾದಷ್ಟೂ ಒಡೆದು ಹಳದಿ-ಕಂದು ಆಗುತ್ತದೆ. ಪಲ್ಯ ಮಾಡುವಾಗ ಗಮನಿಸಿ, ತುಂಬಾ ಹೊತ್ತು ಬೇಯಿಸಿದ ಬೀಟ್‌ರೂಟ್ ಮಂಕಾಗುತ್ತದೆ ಅಲ್ವಾ? ಪಾತ್ರೆಯಲ್ಲಿ ನೀರು ಇರುವವರೆಗೆ ಅದರ ಬಿಸಿ 100 ಡಿಗ್ರಿ ದಾಟೋದಿಲ್ಲ. ನೀವು ಅದನ್ನು 180 ಡಿಗ್ರಿ ಒವನ್‌ಗೆ ಇಟ್ಟಿದ್ದೀರಿ. ಎರಡನೆಯ ಶತ್ರು ಅಡುಗೆ ಸೋಡಾ. ಬೆಟಾನಿನ್‌ಗೆ ಸ್ವಲ್ಪ ಹುಳಿ ಇದ್ದರೆ ಇಷ್ಟ, ಕ್ಷಾರ ಕಷ್ಟ. ಸೋಡಾ ಹಾಕಿದ ಹಿಟ್ಟಿನಲ್ಲಿ ಬಣ್ಣ ಇನ್ನೂ ಬೇಗ ಹೋಗುತ್ತದೆ. ಮೂರನೆಯದು ಕುಕೀಸ್‌ನ ಸ್ವಂತ ಕಂದು. ಹಿಟ್ಟು, ಬೆಣ್ಣೆ, ಸಕ್ಕರೆ ಬಿಸಿಗೆ ಹೊಂಬಣ್ಣಕ್ಕೆ ಬರಲೇಬೇಕು, ರುಚಿ ಇರುವುದೇ ಅಲ್ಲಿ. ಆ ಹೊಂಬಣ್ಣ ನಿಮ್ಮ ಗುಲಾಬಿಯ ಮೇಲೆ ಕೂತರೆ ಮಣ್ಣಿನ ಬಣ್ಣ ಆಗದೆ ಇನ್ನೇನಾಗುತ್ತದೆ?

ಸೋಡಾ ಬಣ್ಣ ಬದಲಿಸುತ್ತದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬೋದಿಲ್ಲ. ಅದಕ್ಕೇ ನನ್ನ ತರಗತಿಯಲ್ಲಿ ಮೊದಲ ದಿನ ಒಂದು ಬಿಳಿ ಬಸಿ ಇಡುತ್ತೇನೆ. ಅದರಲ್ಲಿ ಚಿಟಿಕೆ ಅರಿಶಿನ, ಎರಡು ಹನಿ ನೀರು. ಇನ್ನೊಂದು ಲೋಟದಲ್ಲಿ ಅಡುಗೆ ಸೋಡಾ ಕರಗಿಸಿದ ನೀರು. ಚಮಚದ ತುದಿಯಿಂದ ಒಂದು ಹನಿ ಸೋಡಾ ನೀರು ಅರಿಶಿನದ ಮೇಲೆ ಬಿಟ್ಟರೆ, ಬಿದ್ದ ಜಾಗ ಅಲ್ಲೇ ಕೆಂಪಾಗುತ್ತದೆ. ಅಂಚು ಹಳದಿ, ನಡುವೆ ಇಟ್ಟಿಗೆ ಕೆಂಪು. ನಮ್ಮ ಅಜ್ಜಿಯರು ಅರಿಶಿನಕ್ಕೆ ಸುಣ್ಣ ಹಾಕಿ ಕುಂಕುಮ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಆಮೇಲೆ ಅದೇ ಕೆಂಪಿನ ಮೇಲೆ ನಿಂಬೆ ಹನಿ ಬಿಟ್ಟರೆ ಮತ್ತೆ ಹಳದಿ. ಇದನ್ನು ನೋಡಿದ ಮೇಲೆ ‘ಅರಿಶಿನದ ಕುಕೀಸ್ ಮೇಲೆ ಕೆಂಪು ಚುಕ್ಕೆ ಬಂದಿದೆ, ಹಿಟ್ಟು ಕೆಟ್ಟಿದೆಯಾ’ ಅಂತ ಯಾರೂ ಕೇಳೋದಿಲ್ಲ. ಹಿಟ್ಟು ಕೆಟ್ಟಿಲ್ಲ, ಸೋಡಾ ಸರಿಯಾಗಿ ಬೆರೆತಿಲ್ಲ ಅಷ್ಟೇ.

ಹಾಗಾದರೆ ಮಾಡೋದು ಏನು? ಬಣ್ಣವನ್ನು ಒವನ್‌ಗೆ ಕಳಿಸಲೇಬೇಡಿ. ಕುಕೀಸ್ ಬಿಳಿಯಾಗಿ ಸುಡಿ, ಪೂರ್ತಿ ಆರಿದ ಮೇಲೆ ಬಣ್ಣದ ಐಸಿಂಗ್ ಹಾಕಿ. ಹದಿನಾರು ವರ್ಷದಿಂದ ನಾನು ಹೇಳುತ್ತಿರುವುದು ಇದೊಂದೇ.

ನನ್ನ ಅಳತೆ ಇದು. ಮೈದಾ 200 ಗ್ರಾಂ, ಕಾರ್ನ್‌ಫ್ಲೋರ್ 20 ಗ್ರಾಂ, ಉಪ್ಪಿಲ್ಲದ ಬೆಣ್ಣೆ 130 ಗ್ರಾಂ, ಪುಡಿ ಸಕ್ಕರೆ 70 ಗ್ರಾಂ, ಚಿಟಿಕೆ ಉಪ್ಪು. ಸೋಡಾ ಬೇಡ, ಬೇಕಿಂಗ್ ಪೌಡರ್ ಕೂಡ ಬೇಡ. ಉಬ್ಬಿದರೆ ನಕ್ಷತ್ರದ ಮೂಲೆ, ಹೂವಿನ ಎಸಳು ಎಲ್ಲ ಅಳಿಸಿ ಹೋಗುತ್ತದೆ. ಅರ್ಧ ಸೆಂಟಿಮೀಟರ್ ದಪ್ಪ ಲಟ್ಟಿಸಿ, ಕತ್ತರಿಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. 160 ಡಿಗ್ರಿಯಲ್ಲಿ ಸುಮಾರು ಹದಿನೈದು ನಿಮಿಷ. ಒವನ್ ಒಂದೊಂದೂ ಒಂದೊಂದು ಥರ, ಹನ್ನೆರಡನೆಯ ನಿಮಿಷದಿಂದ ಕಣ್ಣಿಟ್ಟಿರಿ. ತಳ ತೆಳು ಹೊಂಬಣ್ಣಕ್ಕೆ ಬಂದಿರಬೇಕು, ಮೇಲೆ ಬೆಳ್ಳಗೇ ಇರಬೇಕು. ತೆಗೆದಾಗ ಮೆತ್ತಗಿರುತ್ತದೆ. ಹೆದರಬೇಡಿ, ಆರಿದ ಮೇಲೆ ಗಟ್ಟಿಯಾಗುತ್ತದೆ.

ಐಸಿಂಗ್‌ಗೆ ನಯವಾದ ಐಸಿಂಗ್ ಶುಗರ್ 100 ಗ್ರಾಂ, ದ್ರವ ಮೂರು ಟೀ ಚಮಚ. ಮನೆ ಮಿಕ್ಸಿಯ ಪುಡಿ ಸಕ್ಕರೆ ಆದರೆ ಮೂರು ಸಲ ಜರಡಿ ಹಿಡಿಯಿರಿ. ಚಮಚ ಎತ್ತಿದಾಗ ಬಿದ್ದ ಗೆರೆ ಹತ್ತು ಎಣಿಸುವುದರೊಳಗೆ ಮಾಯ ಆದರೆ ಹದ ಸರಿ.

ಆ ಮೂರು ಚಮಚ ದ್ರವದಲ್ಲೇ ನಿಮ್ಮ ಹೋಳಿ ಇದೆ. ಗುಲಾಬಿಗೆ ಹಸಿ ಬೀಟ್‌ರೂಟ್ ತುರಿದು ಬಟ್ಟೆಯಲ್ಲಿ ಹಿಂಡಿದ ರಸ, ಮೇಲೆ ನಾಲ್ಕು ಹನಿ ನಿಂಬೆ. ನಿಂಬೆ ಬಣ್ಣವನ್ನೂ ಕಾಯುತ್ತದೆ, ಮಣ್ಣಿನ ವಾಸನೆಯನ್ನೂ ಮುಚ್ಚುತ್ತದೆ. ಹಳದಿಗೆ ಬೆಚ್ಚಗಿನ ಹಾಲಿನಲ್ಲಿ ಚಿಟಿಕೆ ಅರಿಶಿನ. ಚಿಟಿಕೆ ಅಂದರೆ ಚಿಟಿಕೆಯೇ, ಕಾಲು ಚಮಚ ಹಾಕಿ ‘ಔಷಧಿ ವಾಸನೆ’ ಅಂತ ನನಗೆ ಬರೆಯಬೇಡಿ. ಹಸಿರಿಗೆ ಪಾಲಕ್ ಎಲೆ ಅರ್ಧ ನಿಮಿಷ ಕುದಿ ನೀರಿಗೆ ಹಾಕಿ, ತಣ್ಣೀರಿಗೆ ತೆಗೆದು, ರುಬ್ಬಿ ಹಿಂಡಿ. ಇಲ್ಲಿ ಮಾತ್ರ ನಿಂಬೆ ಬೇಡ. ಪಾಲಕ್ ಬೀಟ್‌ರೂಟಿಗೆ ತದ್ವಿರುದ್ಧ, ಹುಳಿ ಬಿದ್ದರೆ ಅದರ ಹಸಿರು ಕಂದುತ್ತದೆ.

ನೀಲಿಯ ವಿಷಯ ಬಂದರೆ ನನಗೆ ಈಗಲೂ ಖುಷಿ. ಹಿತ್ತಲ ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪ ಗೊತ್ತಲ್ವಾ? ಒಣಗಿಸಿದ ಹತ್ತು-ಹನ್ನೆರಡು ಹೂವನ್ನು ಎರಡು ದೊಡ್ಡ ಚಮಚ ಬಿಸಿ ನೀರಿನಲ್ಲಿ ಹತ್ತು ನಿಮಿಷ ಬಿಡಿ. ಕಡು ನೀಲಿ ರಸ ಇಳಿಯುತ್ತದೆ. ಅರ್ಧ ಐಸಿಂಗ್ ನೀಲಿಯಾಗಿಯೇ ಇಡಿ. ಉಳಿದರ್ಧಕ್ಕೆ ಮಕ್ಕಳ ಕೈಯಿಂದ ಎರಡು ಹನಿ ನಿಂಬೆ ಹಾಕಿಸಿ. ಕಣ್ಣ ಮುಂದೆಯೇ ನೇರಳೆ ಆಗುತ್ತದೆ. ಒಂದೇ ಹೂವಿನಿಂದ ಎರಡು ಬಣ್ಣ.

ಈ ಬಣ್ಣಗಳು ಬೆಳಕಿಗೂ ಮಂಕಾಗುತ್ತವೆ. ಡಬ್ಬಿಯಲ್ಲಿಟ್ಟು ಎರಡು-ಮೂರು ದಿನದಲ್ಲಿ ತಿಂದು ಮುಗಿಸಿ.

ಪ್ರಶ್ನೆ: ‘ಒವನ್‌ನಲ್ಲೂ ಹೋಗದ ನೂರಕ್ಕೆ ನೂರು ನೈಸರ್ಗಿಕ ಗುಲಾಬಿ ಪುಡಿ’ ಅಂತ ವಿಡಿಯೊದಲ್ಲಿ ತೋರಿಸಿದರು. ಅಂಗಡಿಯಲ್ಲೂ ಬಿಡಿಯಾಗಿ ಸಿಗುತ್ತದೆ. ಬಳಸಬಹುದಾ? (ಬೆಳಗಾವಿ)

ಬೇಡ. ಬೀಟ್‌ರೂಟ್ ಪುಡಿ ಆಗಿದ್ದರೆ ಒವನ್‌ನಲ್ಲಿ ಹೋಗಲೇಬೇಕು. ಇಷ್ಟು ಹೊತ್ತು ಅದನ್ನೇ ಹೇಳಿದೆ. 180 ಡಿಗ್ರಿಯಲ್ಲಿ ಚೂರೂ ಕದಲದೆ ಕೂತಿದೆ ಅಂದರೆ ಅದು ಬೀಟ್‌ರೂಟ್ ಅಲ್ಲ, ಬೀಟ್‌ರೂಟ್ ಅಂತ ಮಾರಿದರೆ ಅದು ಸುಳ್ಳು.

ಕೆಲವು ವರ್ಷದ ಹಿಂದೆ ನಾನೂ ಒಂದು ಅಂಗಡಿಯಿಂದ ಹೆಸರಿಲ್ಲದ ಗುಲಾಬಿ ಪುಡಿ ತಂದಿದ್ದೆ. ‘ಮಿಠಾಯಿಗೆ ಇದನ್ನೇ ಒಯ್ಯುತ್ತಾರೆ’ ಅಂದರು. ಪೊಟ್ಟಣ ಬಿಚ್ಚುವಾಗ ಬೆರಳಿಗೆ ತಾಗಿದ್ದು ನಾಲ್ಕು ದಿನ ಸೋಪಿಗೂ ಹೋಗಲಿಲ್ಲ. ಅದನ್ನು ತಿನ್ನುವವರ ಹೊಟ್ಟೆಯಲ್ಲಿ ಏನಾಗಬಹುದು ಅಂತ ಯೋಚಿಸಿ ಪೊಟ್ಟಣವನ್ನೇ ಎಸೆದೆ. ಅವತ್ತಿನಿಂದ ಬಿಡಿ ಬಣ್ಣ ನನ್ನ ಅಡುಗೆ ಮನೆಯ ಹೊಸ್ತಿಲು ದಾಟಿಲ್ಲ.

ಇದು ಸುಮ್ನೆ ಭಯ ಅಲ್ಲ. ರೋಡಮಿನ್-ಬಿ ಅನ್ನುವುದು ಬಟ್ಟೆಗೆ ಹಾಕುವ ಗುಲಾಬಿ ಬಣ್ಣ. ಅದನ್ನು ತಿನ್ನುವ ಪದಾರ್ಥಕ್ಕೆ ಬೆರೆಸುವುದು ಅಪರಾಧ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದುಕೊಂಡ ಮಾದರಿಗಳಲ್ಲಿ ಈ ರೋಡಮಿನ್-ಬಿ ಕೂಡ ಸಿಕ್ಕಿತ್ತು.

ಅಂಗಡಿ ಬಣ್ಣವೇ ಬೇಕು ಅನ್ನುವವರು ಲೇಬಲ್ ಓದಿ. ನಮ್ಮ ದೇಶದಲ್ಲಿ ಆಹಾರಕ್ಕೆ ಒಪ್ಪಿಗೆ ಇರುವ ಕೃತಕ ಬಣ್ಣ ಎಂಟೇ ಎಂಟು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್, ಬ್ರಿಲಿಯಂಟ್ ಬ್ಲೂ ಅವುಗಳಲ್ಲಿ ನೀವು ಜಾಸ್ತಿ ನೋಡುವ ಹೆಸರು. ಬಣ್ಣದ ಹೆಸರು, ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ಲೈಸೆನ್ಸ್ ಸಂಖ್ಯೆ, ತಾರೀಖು ಮೂರೂ ಇರಬೇಕು. ಒಂದು ಇಲ್ಲದಿದ್ದರೂ ವಾಪಸ್ ಇಡಿ. ಬಿಸ್ಕತ್ತು, ಕೇಕಿಗೆ ಮಿತಿ ಕೆಜಿಗೆ 100 ಮಿಲಿಗ್ರಾಂ. ಅಂದರೆ ನಿಮ್ಮ 400 ಗ್ರಾಂ ಹಿಟ್ಟಿಗೆ 40 ಮಿಲಿಗ್ರಾಂ, ಉಗುರಿನ ತುದಿಯಷ್ಟೂ ಅಲ್ಲ. ಚಮಚದಲ್ಲಿ ಬಣ್ಣ ಅಳೆಯುವ ರೆಸಿಪಿ ಕಂಡರೆ ಮುಂದೆ ಓದಲೇಬೇಡಿ. ನಾನಂತೂ ಐದು ವರ್ಷದೊಳಗಿನ ಮಕ್ಕಳಿಗೆ ಇದನ್ನೂ ಕೊಡೋದಿಲ್ಲ. ಅದು ನನ್ನ ಎಚ್ಚರಿಕೆ, ಕಾನೂನಲ್ಲ.

ಪ್ರಶ್ನೆ: ಮುತ್ತುಗದ ಹೂವಿನಿಂದ ಹೋಳಿ ಬಣ್ಣ ಮಾಡುತ್ತೇವಲ್ಲ, ಅದನ್ನೇ ಕುಕೀಸ್‌ಗೂ ಹಾಕಬಹುದಾ?

ಮೈಮೇಲೆ ಎರಚಿಕೊಳ್ಳಿ, ಬಾಯಿಗೆ ಬೇಡ.

ಪ್ರಶ್ನೆ: ಮೈದಾ ವಿಷ ಅಂತಾರೆ. ಪೂರ್ತಿ ಜೋಳದ ಹಿಟ್ಟಿನಲ್ಲೇ ಮಾಡಬಹುದಾ? (ವಿಜಯಪುರ)

ಮೈದಾ ವಿಷ ಅಲ್ಲ. ದಿನಾ ತಿನ್ನುವ ಪದಾರ್ಥವೂ ಅಲ್ಲ. ಹಬ್ಬಕ್ಕೆ ನಾಲ್ಕು ಕುಕೀಸ್ ತಿಂದರೆ ಏನೂ ಆಗೋದಿಲ್ಲ, ಈ ಹೆದರಿಕೆ ಹಬ್ಬಿಸುವವರ ಮೇಲೆ ನನಗೆ ಸಿಟ್ಟಿದೆ. ಜೋಳಕ್ಕೆ ಅಂಟು ಇಲ್ಲ. ರೊಟ್ಟಿಗೆ ಬಿಸಿನೀರು ಹಾಕಿ ನಾದುತ್ತೀರಲ್ಲ, ಅದಕ್ಕೇ. ಬೆಣ್ಣೆ ಹಿಟ್ಟಿನಲ್ಲಿ ಆ ಉಪಾಯ ನಡೆಯೋದಿಲ್ಲ, ಪೂರ್ತಿ ಜೋಳ ಹಾಕಿದರೆ ಎತ್ತುವಾಗಲೇ ಪುಡಿ. ಅರ್ಧ ಮೈದಾ, ಅರ್ಧ ನುಣ್ಣಗೆ ಬೀಸಿದ ಜೋಳ ಹಾಕಿ. ಜೋಳವನ್ನು ಮೊದಲು ಒಣ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿಯಿರಿ. ಆ ಕುಕೀಸ್‌ನ ರುಚಿಗೆ ಐಸಿಂಗೂ ಬೇಕಾಗಿಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲ. ಬೆಣ್ಣೆ 32 ಡಿಗ್ರಿ ದಾಟಿದರೆ ಕರಗಲು ಶುರು. ಬೆಳಗಾವಿಯವರು ಬರೆದ ರೆಸಿಪಿ ನೋಡಿ ವಿಜಯಪುರದಲ್ಲಿ ಚೈತ್ರದ ಮಧ್ಯಾಹ್ನ ಹಿಟ್ಟು ಲಟ್ಟಿಸಲು ಹೋಗಬೇಡಿ. ಬೆಳಿಗ್ಗೆ ಆರಕ್ಕೆ ಮಾಡಿ. ಅರ್ಧ ಗಂಟೆ ಅಲ್ಲ, ಒಂದು ಗಂಟೆ ಫ್ರಿಜ್‌ನಲ್ಲಿಡಿ.

ಪ್ರಶ್ನೆ: ಒವನ್ ಇಲ್ಲ. ಕುಕ್ಕರ್‌ನಲ್ಲಿ ಆಗುತ್ತದಾ?

ಆಗುತ್ತದೆ. ಗ್ಯಾಸ್ಕೆಟ್, ಸೀಟಿ ಎರಡೂ ತೆಗೆದಿರಬೇಕು, ಅದನ್ನು ಮರೆತರೆ ಅಪಾಯ. ತಳ ಬೇಗ ಕಂದುತ್ತದೆ, ಉರಿ ಪೂರ್ತಿ ಸಣ್ಣದಿರಲಿ.

ಪ್ರಶ್ನೆ: ಯುಗಾದಿ ಪಾಡ್ಯಕ್ಕೆ ಮನೆ ಮುಂದೆ ಏರಿಸುವ ಗುಡಿ ಕೋಲಿಗೆ ಕಟ್ಟುವ ಬಣ್ಣದ ಸಕ್ಕರೆ ಸರ ಪುಡಿ ಮಾಡಿ ಕುಕೀಸ್ ಮೇಲೆ ಉದುರಿಸಬಹುದಾ?

ಬಿಳಿ ಸರ ಆದರೆ ಧಾರಾಳವಾಗಿ. ಬಣ್ಣದ ಸರ ಆದರೆ ಯಾವ ಬಣ್ಣ ಹಾಕಿದ್ದಾರೆ ಅಂತ ಮಾಡಿದವರನ್ನು ಕೇಳಿ. ಉತ್ತರ ಸಿಗದಿದ್ದರೆ ಬೇಡ.

ಪ್ರಶ್ನೆ: ಐಸಿಂಗ್ ಬೇಗ ಗಟ್ಟಿಯಾಗಲಿ ಅಂತ ಫ್ರಿಜ್‌ನಲ್ಲಿಟ್ಟೆ. ಹೊರಗೆ ತೆಗೆದ ಮೇಲೆ ಬಣ್ಣಗಳೆಲ್ಲ ಒಂದರೊಳಗೊಂದು ಹರಿದವು. ಯಾಕೆ?

ತಣ್ಣಗಿನ ಕುಕೀಸ್ ಮೇಲೆ ಹೊರಗಿನ ಗಾಳಿಯ ತೇವ ಹನಿಗಟ್ಟಿತು, ಸಕ್ಕರೆ ಕರಗಿತು. ಫ್ರಿಜ್ ಬೇಡ. ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ, ಫ್ಯಾನ್ ಕೆಳಗೆ ಬಿಡಿ. ಒಂದು ಬಣ್ಣ ಒಣಗಿದ ಮೇಲೆಯೇ ಪಕ್ಕದ ಬಣ್ಣ ಹಾಕಿ. ಬೆಳಗಾವಿಯ ಮಾರ್ಚ್‌ನಲ್ಲಿ ನಾನು ಪೂರ್ತಿ ಒಂದು ರಾತ್ರಿ ಬಿಡುತ್ತೇನೆ. ಬೆರಳ ಹಿಂಭಾಗದಿಂದ ಮೆಲ್ಲಗೆ ತಟ್ಟಿ ನೋಡಿ. ಟಕ್ ಅಂತ ಸಣ್ಣ ಸದ್ದು ಬಂದರೆ ಡಬ್ಬಿಗೆ ಹಾಕಬಹುದು.